ಮುಚ್ಚಿಗೆಯ ಮೇಲಿನವರು

ಮೋಹಿನಿ ಹೇಳಿದ್ದು ಜೇಡರ ಬಲೆ ತೆಗೆಯಲು ಮಾತ್ರ. ಚಾವಡಿಯ ಮೂಲೆಯಲ್ಲಿ, ಹಂಚಿನಡಿಯ ಮರದ ಮುಚ್ಚಿಗೆಗೆ ತಾಗಿ, ಯಾರಿಗೂ ತೊಂದರೆ ಕೊಡದೆ ಮೂರು ತಿಂಗಳಿಂದ ಇದ್ದ ಒಂದು ಬಲೆ. ಸಂಜೆ ನಾಲ್ಕಕ್ಕೆ ಹುಡುಗನ ಕಡೆಯವರು ಬರುವವರಿದ್ದರು. ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಹೆಣ್ಣನ್ನಲ್ಲ, ಮನೆಯ ಮೂಲೆಗಳನ್ನು ಎಂಬುದು ಮೋಹಿನಿಯ ನಂಬಿಕೆ.

ಕರುಣಾಕರ ಉದ್ದ ಬಿದಿರಿನ ತುದಿಗೆ ಹಿಡಿಸೂಡಿ ಕಟ್ಟಿ ಮೇಲಕ್ಕೆತ್ತಿದ. ಸಹಕಾರಿ ಸಂಘದಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದವನ ಕೈ ಅದು, ಪೆನ್ನಿಗಿಂತ ಭಾರವಾದದ್ದನ್ನು ನೆಟ್ಟಗೆ ಹಿಡಿದು ಗೊತ್ತಿಲ್ಲ. ಬಿದಿರು ಬಲೆಯನ್ನು ಬಿಟ್ಟು ಹಲಗೆಗೆ ಹೊಡೆಯಿತು. ಹಲಗೆಯನ್ನು ಗೆದ್ದಲು ಯಾವತ್ತೋ ತಿಂದು ಮುಗಿಸಿ ಬಣ್ಣವನ್ನು ಮಾತ್ರ ಬಿಟ್ಟಿತ್ತು. ಹಪ್ಪಳದ ಹಾಗೆ ಮುರಿದು ಅವನ ಕಾಲ ಬುಡಕ್ಕೆ ಬಿತ್ತು.

ಆಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆ ಮೌನ ಕರುಣಾಕರನಿಗೆ ಇಷ್ಟವಾಗಲಿಲ್ಲ. ಮನೆ ಖಾಲಿ ಇರುವಾಗಿನ ಮೌನವಾಗಿರಲಿಲ್ಲ ಅದು. ಯಾರೋ ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದಾಗ ಆಗುತ್ತದಲ್ಲ, ಅಂಥದ್ದು. ನಂತರ ಮೇಲಿನಿಂದ ಒಂದು ಸದ್ದು ಶುರುವಾಯಿತು. ಬಹಳ ಜನ ಬಾಯಿ ಮುಚ್ಚಿಕೊಂಡು ಒಂದೇ ಮಂತ್ರ ಹೇಳುತ್ತಿದ್ದ ಹಾಗೆ.

ಹಲಗೆ ಬಿದ್ದ ತೂತಿನೊಳಗೆ ಕಂದು ಬಣ್ಣದ, ಬೂದಿ ಗೆರೆಗಳ, ಒಳ್ಳೆ ಹಲಸಿನ ಹಣ್ಣಿನ ಗಾತ್ರದ ಏನೋ ಕಂಡಿತು. ಅದರ ಮೈ ಮೆಲ್ಲಗೆ ಉಬ್ಬಿ ಇಳಿಯುತ್ತಿದೆ ಎಂದು ಅವನಿಗೆ ಅನಿಸಿತು. ಅನಿಸಿಕೆ ಸರಿಯೋ ತಪ್ಪೋ ಎಂದು ಯೋಚಿಸುವಷ್ಟರಲ್ಲಿ ಒಂದು ಕಣಜ ಇಳಿದು ಬಂದು ಬಲಗಣ್ಣಿನ ರೆಪ್ಪೆಗೆ ಕಚ್ಚಿತು. ಎರಡನೆಯದು ಎಡಗಣ್ಣಿಗೆ, ಅಳತೆ ನೋಡಿ ಹೊಡೆದಂತೆ.

ಅವನ ಕೂಗು ಕೇಳಿ ಮೊದಲು ಬಂದದ್ದು ಹೆಂಡತಿ ಮೋಹಿನಿಯಲ್ಲ, ಪಕ್ಕದ ಮನೆಯ ಬ್ಯಾಪ್ಟಿಸ್ಟ್. ಮೂವತ್ತು ವರ್ಷ ಬೊಂಬಾಯಿಯಲ್ಲಿದ್ದು ಊರಿಗೆ ಬಂದ ಮನುಷ್ಯ. ಅವನಿಗೆ ಗೊತ್ತಿಲ್ಲದ ವಿಷಯ ಶಂಕರಪುರದಲ್ಲಿ ಯಾರೂ ಇನ್ನೂ ಕಂಡುಹಿಡಿದಿರಲಿಲ್ಲ.

"ಅಲ್ಲಾಡಬೇಡಿ ಕರುಣಾಕರಣ್ಣ," ಎಂದ ಬಾಗಿಲಲ್ಲೇ ನಿಂತು. "ಇದು ಹೆಜ್ಜೇನಲ್ಲ ಮಾರಾಯ್ರೆ. ಕಣಜ. ಇಪ್ಪತ್ತು ಕಚ್ಚಿದರೆ ಎತ್ತು ಬೀಳ್ತದೆ."

"ಎರಡು ಕಚ್ಚಿ ಆಯ್ತು!"

"ಹಾಗಾದರೆ ಹದಿನೆಂಟು ಬಾಕಿ ಉಂಟು."

ಬ್ಯಾಪ್ಟಿಸ್ಟನ ಕಂಪೌಂಡ್ ಗೋಡೆ ಕಟ್ಟುತ್ತಿದ್ದ ಗುರಲಿಂಗಪ್ಪನನ್ನು ಕರೆದರು. ಗದಗದ ಕಡೆಯಿಂದ ಕೂಲಿಗೆ ಬಂದವನು. ಎಲೆ ಅಡಿಕೆ ಜಗಿಯುತ್ತ ಅವನು ತೂತಿನ ಕೆಳಗೆ ನಿಂತು, ತಲೆ ಮೇಲೆತ್ತಿ ಬಹಳ ಹೊತ್ತು ನೋಡಿದ. ನೋಡಿದವನು ಜಗಿಯುವುದನ್ನು ನಿಲ್ಲಿಸಿದ.

"ಹಗಲ ಹೊತ್ತಿನ್ಯಾಗ ಕೈ ಹಚ್ಚಬ್ಯಾಡ್ರೀ ಸಾಹೇಬ್ರ," ಎಂದ ತಗ್ಗಿದ ದನಿಯಲ್ಲಿ. "ಅರ್ಧ ಮಂದಿ ಹೊರಗ ಹೋಗಿರ್ತಾವ. ಹೊಳ್ಳಿ ಬಂದು ಮನಿ ಇಲ್ಲಂದ್ರ ನಿಮ್ಮನ್ನ ಹುಡುಕ್ಕೊಂಡು ಅಡ್ಡಾಡ್ತಾವ. ಹೊತ್ತು ಮುಣುಗಲಿ, ಎಲ್ಲಾ ಒಳಗ ಕೂಡ್ತಾವ. ಅವಾಗ ನಾ ಬಂದು ಬೆಂಕಿ ಹಚ್ಚಿ ತೆಗೀತೀನಿ."

"ನಾಲ್ಕು ಗಂಟೆಗೆ ನೆಂಟರು ಬರ್ತಾರೆ!"

"ಹಂಗಾರ ಸುಮ್ಕ ಕುಂದ್ರಿ. ಸಪ್ಪಳಾ ಮಾಡಬ್ಯಾಡ್ರಿ. ಅವು ತಮ್ಮಷ್ಟಕ್ಕ ತಾವು ಇರ್ತಾವ."

ಸುಮ್ಮನೆ ಕೂರುವ ದಿನವಾಗಿರಲಿಲ್ಲ ಅದು. ಮಗಳು ಚೈತಾಲಿಗೆ ಇಪ್ಪತ್ತಾರು. ಮೂರು ಮನೆಯವರು ಬಂದು ನೋಡಿ, ತಿಂದು, ತಿಳಿಸುತ್ತೇವೆ ಎಂದು ಹೋದವರು ಇನ್ನೂ ತಿಳಿಸಿರಲಿಲ್ಲ. ಈ ನಾಲ್ಕನೆಯವನು ಕಾರ್ಕಳದ ಹರ್ಷಿತ್, ಮಸ್ಕತ್ತಿನಲ್ಲಿ ಕೆಲಸ. ಯಾವುದೋ ಮದುವೆಯ ಊಟದ ಸಾಲಿನಲ್ಲಿ ಚೈತಾಲಿಯ ಪಕ್ಕ ಕೂತು, ಅವಳ ಎಲೆಗೆ ಬಿದ್ದ ಎರಡನೇ ಹೋಳಿಗೆಯನ್ನು ಕೇಳಿ ತಿಂದಿದ್ದನಂತೆ. ಮಗಳು ಅಂದು ಮನೆಗೆ ಬಂದವಳು ಹುಡುಗನೊಬ್ಬನ ಹೆಸರನ್ನು ತಾನಾಗಿ ಹೇಳಿದ್ದು ಅದೇ ಮೊದಲು. ನಾಡಿದ್ದು ಅವನ ವಿಮಾನ. ಇನ್ನು ರಜೆ ಎರಡು ವರ್ಷ ಕಳೆದು. ಇವತ್ತು ತಪ್ಪಿದರೆ ತಪ್ಪಿತು.

"ವಿಷಯ ಹೇಳಿಬಿಡುವ," ಎಂದ ಕರುಣಾಕರ. "ಮನೆಯಲ್ಲಿ ಕಣಜದ ಗೂಡು ಉಂಟು, ಸ್ವಲ್ಪ ಮೆಲ್ಲಗೆ ಮಾತಾಡಿ ಅಂತ."

"ದೂಮಣ್ಣನ ಹತ್ತಿರವಾ?" ಎಂದ ಬ್ಯಾಪ್ಟಿಸ್ಟ್. ದೂಮಣ್ಣ ಎಂದರೆ ಹುಡುಗನ ಅಪ್ಪ, ಕಲ್ಲುಕೋರೆ ಇಟ್ಟವರು. "ಕೋರೆಯಲ್ಲಿ ಒಂದು ಹಾವು ಕಂಡದ್ದಕ್ಕೆ ಮೂರು ದಿನ ಕೆಲಸ ನಿಲ್ಲಿಸಿ ಜೋಯಿಸರಲ್ಲಿ ಪ್ರಶ್ನೆ ಇಡಿಸಿದವರು ಅವರು. ಹೆಣ್ಣು ನೋಡುವ ದಿನ ತಲೆಯ ಮೇಲೆ ಕಣಜ ಅಂದರೆ ಒಳಗೆ ಕಾಲಿಡ್ತಾರಾ? ಅವರ ಓಮ್ನಿ ಕಾರು ಗೇಟಿನಿಂದಲೇ ತಿರುಗ್ತದೆ."

ಅದು ನಿಜವಾಗಿತ್ತು. ದೂಮಣ್ಣನ ಇನ್ನೊಂದು ಗುಣ ಇದಕ್ಕಿಂತ ಭಯಂಕರ. ಬಂಡೆ ಒಡೆಯುವ ಸಿಡಿಮದ್ದಿನ ಪಕ್ಕ ಮೂವತ್ತು ವರ್ಷ ನಿಂತು ಅವರ ಕಿವಿ ಮಂದವಾಗಿತ್ತು, ಅದಕ್ಕೆ ಸರಿಯಾಗಿ ದನಿ ಬೆಳೆದಿತ್ತು. ಅವರು ಫೋನ್ ಮಾಡಿದಾಗ ಕರುಣಾಕರ ರಿಸೀವರನ್ನು ಮೇಜಿನ ಮೇಲಿಟ್ಟು ಅಂಗಳದಿಂದಲೇ ಕೇಳಿಸಿಕೊಂಡಿದ್ದ. ಆ ಮನುಷ್ಯ ಈ ಚಾವಡಿಯಲ್ಲಿ ಕೂತು ಒಮ್ಮೆ ನಕ್ಕರೆ ಸಾಕು.

ಬೇರೆ ಎಲ್ಲಿ ಕೂರಿಸುವುದು? ಕಣಜಗಳು ಹೋಗಿ ಬರುವ ದಾರಿ ಜಗಲಿಯ ಹಂಚಿನ ಸಂದಿಯಲ್ಲೇ ಇತ್ತು. ಒಳಕೋಣೆಯಲ್ಲಿ ಮಂಚ ಬಿಟ್ಟು ಉಳಿದ ಜಾಗದಲ್ಲಿ ಒಬ್ಬರು ನಿಲ್ಲಬಹುದು. ಪಕ್ಕದ ಮನೆಯಲ್ಲಿ ಹೆಣ್ಣು ತೋರಿಸಲು ಆಗುವುದಿಲ್ಲ. ಚಾವಡಿಯೇ ಗತಿ.

ಹೀಗೆ ಬೆಳಿಗ್ಗೆ ಹತ್ತರಿಂದ ಬ್ಯಾಪ್ಟಿಸ್ಟನ ಆಡಳಿತ ಶುರುವಾಯಿತು.

"ಮೊದಲು ಕುರ್ಚಿಗಳು ಹೊರಗೆ. ಎಳೆದರೆ ನೆಲ ಅದುರ್ತದೆ, ನೆಲ ಅದುರಿದರೆ ಗೋಡೆ, ಗೋಡೆ ಅದುರಿದರೆ ಅವುಗಳಿಗೆ ಗೊತ್ತಾಗ್ತದೆ."

ಕುರ್ಚಿ, ಟೀಪಾಯಿ, ಟೀವಿ ಸಮೇತ ಎಲ್ಲವನ್ನೂ ಕಳ್ಳರ ಹಾಗೆ ಎತ್ತಿ ಹೊರಗಿಟ್ಟರು. ಖಾಲಿ ನೆಲದ ಮೇಲೆ ಎರಡು ಚಾಪೆ ಹಾಸಿದರು.

"ವಾಸನೆ ಆಗುವುದಿಲ್ಲ ಅವಕ್ಕೆ. ಊದುಬತ್ತಿ ಬೇಡ, ಸೆಂಟ್ ಬೇಡ, ತಲೆಗೆ ಎಣ್ಣೆ ಬೇಡ. ಒಗ್ಗರಣೆಯ ಹೊಗೆ ಅಂತೂ ಬೇಡವೇ ಬೇಡ."

"ಒಗ್ಗರಣೆ ಇಲ್ಲದೆ ಉಪ್ಪಿಟ್ಟಾ?" ಮೋಹಿನಿಯ ಪಿಸುಮಾತು ಕೂಗಿನಂತಿತ್ತು.

"ಉಪ್ಪಿಟ್ಟು ಮುಖ್ಯವಾ ಮಗಳು ಮುಖ್ಯವಾ ಮೋಹಿನಿಯಕ್ಕ?"

"ಮಲ್ಲಿಗೆ?" ಎಂದು ಕೇಳಿದಳು ಅವಳು. ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆ.

ಹಿತ್ತಿಲಲ್ಲಿ ಅವಳು ಸಾಕಿದ ನಲವತ್ತು ಗಿಡಗಳಿದ್ದವು. ಬೆಳಿಗ್ಗೆ ಕೊಯ್ದ ಮೊಗ್ಗನ್ನೆಲ್ಲ ಹೂವು ಮಾರುವ ಕಟ್ಟೆಗೆ ಕಳಿಸದೆ, ಮಗಳ ಮುಡಿಗೆ, ಬರುವ ಹೆಂಗಸರ ಮುಡಿಗೆ, ದೇವರ ಪಟಕ್ಕೆ ಎಂದು ಬಾಳೆನಾರಿನಲ್ಲಿ ಕಟ್ಟಿ ಎರಡು ಅಟ್ಟೆ, ಅಂದರೆ ಎಂಟು ಚೆಂಡು ಹೂವು, ತೆಗೆದಿರಿಸಿದ್ದಳು. ಶಂಕರಪುರದ ಮನೆಗೆ ಹೆಣ್ಣು ನೋಡಲು ಬಂದವರಿಗೆ ಮಲ್ಲಿಗೆ ಇಲ್ಲ ಎಂದರೆ ಮಲ್ಪೆಯಲ್ಲಿ ಮೀನಿಲ್ಲ ಎಂದ ಹಾಗೆ. ಆದರೂ ಎರಡು ಅಟ್ಟೆಯೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಪ್ಟಿಸ್ಟನ ಹೆಂಡತಿ ಆಲಿಸ್ ಬಾಯಿಯ ಮನೆ ಸೇರಿತು. ದೇವರ ದೀಪವನ್ನೂ ಆರಿಸಿದರು; ಬೆಳಕಿಗೂ ಅವು ಬರುತ್ತವಂತೆ.

"ಕೊನೆಯದು ಬಣ್ಣ," ಎಂದ ಬ್ಯಾಪ್ಟಿಸ್ಟ್. "ಕೆಂಪು, ಕಪ್ಪು, ನೀಲಿ ಕಂಡರೆ ಅವಕ್ಕೆ ಸಿಟ್ಟು. ಎಲ್ಲರೂ ಬಿಳಿ ಹಾಕಿ."

ಚೈತಾಲಿಯ ಹತ್ತಿರ ಇದ್ದದ್ದು ಒಂದೇ ಒಂದು ಬಿಳಿ ಸೀರೆ, ಕಾಲೇಜಿನ ಸಮಾರಂಭಕ್ಕೆ ಕೊಂಡದ್ದು. ಅದನ್ನುಟ್ಟು, ಎಣ್ಣೆಯಿಲ್ಲದ ಕೂದಲನ್ನು ಹಿಂದೆ ಗಂಟು ಹಾಕಿ ಅವಳು ಚಾವಡಿಯ ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ಗುರಲಿಂಗಪ್ಪ ಮೊಳೆ ಹೊಡೆಯದೆ, ಬೆಕ್ಕಿನ ಹಾಗೆ ತೊಲೆ ಹಿಡಿದು ಹತ್ತಿ, ತೂತಿನ ಅಡಿಗೆ ಒಂದು ಬಿಳಿ ಬೆಡ್‌ಶೀಟನ್ನು ನಾಲ್ಕು ಮೂಲೆಗೆ ಕಟ್ಟಿ ಹೋಗಿದ್ದ. ಬಟ್ಟೆ ಆಗಾಗ ಒಂದು ಕಡೆ ಉಬ್ಬುತ್ತಿತ್ತು, ಒಳಗಿನಿಂದ ಯಾರೋ ಬೆರಳಿಟ್ಟು ಒತ್ತಿ ನೋಡಿದ ಹಾಗೆ.

ಮೋಹಿನಿ ಖಾಲಿ ನೆಲ, ಚಾಪೆ, ಆರಿದ ದೀಪ, ಬಿಳಿ ಬಟ್ಟೆ ಎಲ್ಲವನ್ನೂ ಒಮ್ಮೆ ನೋಡಿದಳು. "ಇದನ್ನು ನೋಡಿದರೆ..." ಎಂದು ಶುರು ಮಾಡಿ ನಿಲ್ಲಿಸಿದಳು.

"ನೋಡಿದರೆ ಎಂತ?" ಎಂದ ಕರುಣಾಕರ.

"ಎಂತದೂ ಇಲ್ಲ."

"ನಾನು ಹೇಳ್ತೇನೆ," ಎಂದಳು ಚೈತಾಲಿ. "ಎಲ್ಲ ತಯಾರಿ ಆಗಿದೆ ಅಪ್ಪ. ಇನ್ನು ಹೆಣ ಒಂದೇ ಬಾಕಿ."

ಕರುಣಾಕರ ಬೈಯಲು ಬಾಯಿ ತೆರೆದ. ಬೈದರೆ ಸದ್ದಾಗುತ್ತದೆ ಎಂದು ನೆನಪಾಗಿ ಮುಚ್ಚಿದ. ಅವನ ಎರಡೂ ಕಣ್ಣು ಬಾತು, ಕೆಂಪಾಗಿ, ಒರೆಸಿದಷ್ಟೂ ನೀರು ಸುರಿಸುತ್ತಿದ್ದವು. ಮೂರು ದಿನ ಅತ್ತವನಿಗೂ ಅಂಥ ಮುಖ ಬರಲಿಕ್ಕಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಓಮ್ನಿ ಬಂತು. ಆ ಹೊತ್ತಿಗೆ ಮೋಡ ಕವಿದು ಅಂಗಳದ ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಬ್ಯಾಪ್ಟಿಸ್ಟ್ ಗೋಡೆಯ ಆಚೆಯಿಂದ ಎರಡು ಕೈ ಎತ್ತಿ ದೇವರು ಕಾಯಲಿ ಎಂಬಂತೆ ಸನ್ನೆ ಮಾಡಿ ತಲೆ ಮರೆಸಿಕೊಂಡ. ದೂಮಣ್ಣ ಇಳಿದರು, ಅವರ ಹೆಂಡತಿ ಇಳಿದರು, ಹರ್ಷಿತ್ ಇಳಿದ. ಕರುಣಾಕರ ಬಾಗಿಲಲ್ಲಿ ಕೈಮುಗಿದು, ದೂಮಣ್ಣನ ಮೊದಲ ಮಾತು ಗುಂಡಿನ ಹಾಗೆ ಸಿಡಿಯುವುದನ್ನು ಕಾಯುತ್ತ ನಿಂತ.

ದೂಮಣ್ಣ ಹತ್ತಿರ ಬಂದು, ಅವನ ಕಿವಿಯ ಬಳಿ ಬಾಗಿ, "ಬಂದೆವು ಕರುಣಾಕರಣ್ಣ," ಎಂದರು.

ಪಿಸುಮಾತಿನಲ್ಲಿ.

ಕರುಣಾಕರನಿಗೆ ಮೊದಲು ಸಮಾಧಾನವಾಯಿತು. ಆಮೇಲೆ ಬೆನ್ನಲ್ಲಿ ಸಣ್ಣಗೆ ಚಳಿ ಹುಟ್ಟಿತು. ಸಮುದ್ರದ ದಡಕ್ಕೆ ಹೋಗಿ ನಿಂತಾಗ ತೆರೆಯ ಸದ್ದೇ ಇಲ್ಲದಿದ್ದರೆ ಹೇಗಾದೀತೋ ಹಾಗೆ. ಇವರಿಗೆ ಮೆಲ್ಲಗೆ ಮಾತಾಡಲು ಹೇಳಿದವರು ಯಾರು?

ಮೂವರೂ ಚಾಪೆಯ ಮೇಲೆ ಕೂತರು. ಕುರ್ಚಿ ಏಕಿಲ್ಲ ಎಂದು ಕೇಳಲಿಲ್ಲ. ದೂಮಣ್ಣನ ಕಣ್ಣು ಆರಿದ ದೀಪಕ್ಕೆ ಹೋಯಿತು, ಹೂವಿಲ್ಲದ ಪಟಕ್ಕೆ ಹೋಯಿತು, ಕರುಣಾಕರನ ಮುಖಕ್ಕೆ ಬಂದು ಅಲ್ಲಿಂದ ಥಟ್ಟನೆ ನೆಲಕ್ಕಿಳಿಯಿತು. ಅವರ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಮೇಲೆ ಮಂತ್ರ ನಡೆದೇ ಇತ್ತು.

ಮೋಹಿನಿ ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟಳು. ಸಾಸಿವೆ ಇಲ್ಲ, ಕರಿಬೇವಿಲ್ಲ, ಬರೀ ಬೆಂದ ರವೆ. ದೂಮಣ್ಣ ಒಂದು ಚಮಚ ಬಾಯಿಗಿಟ್ಟು ಹೆಂಡತಿಯ ಮುಖ ನೋಡಿದರು. ಹೆಂಡತಿ ತಟ್ಟೆಯನ್ನು ಕೆಳಗಿಟ್ಟರು. ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ ಎಂಬುದು ಕರುಣಾಕರನಿಗೆ ಆಗ ಹೊಳೆಯಿತು. ಇವರು ತಿಳಿದುಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಯಾರೋ ಸತ್ತಿದ್ದಾರೆ, ಅದನ್ನು ಮುಚ್ಚಿಟ್ಟು ಹೆಣ್ಣು ತೋರಿಸುತ್ತಿದ್ದೇವೆ ಎಂದು ತಿಳಿದುಕೊಂಡಿದ್ದಾರೆ!

ಅದೇ ಹೊತ್ತಿಗೆ ಚೈತಾಲಿ ಬಂದಳು. ಬಿಳಿ ಸೀರೆ, ಬರೀ ಮುಡಿ, ನೆಲಕ್ಕೆ ತಾಗಿಯೂ ತಾಗದ ಹೆಜ್ಜೆ. ಹರ್ಷಿತ್ ತಲೆ ಎತ್ತಿ ನೋಡಿ ಬಿಳಿಚಿಕೊಂಡ. ದೂಮಣ್ಣನ ಹೆಂಡತಿ ಸೆರಗನ್ನು ಬಾಯಿಗೊತ್ತಿ ಸದ್ದಿಲ್ಲದೆ ಅಳತೊಡಗಿದರು.

ಇನ್ನು ಅಡಗಿಸಿ ಪ್ರಯೋಜನವಿಲ್ಲ. ಹಾವಿಗೆ ಪ್ರಶ್ನೆ ಇಡಿಸಲಿ, ಕಣಜಕ್ಕೆ ಇಡಿಸಲಿ, ಸತ್ಯ ಹೇಳಿಬಿಡುವುದು ಎಂದು ಕರುಣಾಕರ ತೀರ್ಮಾನಿಸಿದ. "ದೂಮಣ್ಣ, ನೀವು ತಪ್ಪು ತಿಳಿಯಬಾರದು..." ಎಂದು ಆರಂಭಿಸಿದ. ಆರಂಭವೇ ಕೊನೆಯಾಯಿತು. ಬೆಡ್‌ಶೀಟಿನ ಅಂಚಿನಿಂದ ಒಂದು ಕಣಜ ನುಸುಳಿ, ಅವಸರವಿಲ್ಲದೆ ಇಳಿದು, ಅವನ ಅಂಗಿಯ ಕಾಲರಿನ ಮೇಲೆ ಕೂತಿತು. ಅಲ್ಲಿಂದ ನಡೆದು ಕುತ್ತಿಗೆಗೆ ಬಂತು. ಆರು ಕಾಲುಗಳನ್ನೂ ಅವನು ಬೇರೆ ಬೇರೆಯಾಗಿ ಎಣಿಸಬಲ್ಲವನಾಗಿದ್ದ. ಮಾತಿಗೆ ಗಂಟಲು ಅಲುಗಿದರೆ ಮುಗಿಯಿತು.

ದೂಮಣ್ಣ ಚಾಪೆಯ ಮೇಲೆ ತೆವಳಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ತಪ್ಪು ನಮ್ಮದು ಕರುಣಾಕರಣ್ಣ. ನೀವು ಎಂತ ಹೇಳುವುದು ಬೇಡ," ಎಂದರು. "ಅಮ್ಮ ಹೋದದ್ದು ಬೆಳಿಗ್ಗೆ ಆರು ಗಂಟೆಗೆ."

ತಟ್ಟೆ ಎತ್ತಲು ಬಾಗಿದ್ದ ಮೋಹಿನಿ ಅಲ್ಲೇ ಕೂತುಬಿಟ್ಟಳು.

"ಹೊರಗೆ ಹೇಳಿದರೆ ಸೂತಕ. ಇವನು ನಾಡಿದ್ದು ಮಸ್ಕತ್ತಿಗೆ. ಎರಡು ವರ್ಷ! ಅಮ್ಮ ರಾತ್ರಿಯೂ ಅದನ್ನೇ ಹೇಳಿದ್ದು, ಹುಡುಗಿಯನ್ನು ನೋಡದೆ ನಾನು ಎಲ್ಲಿಗೂ ಹೋಗುವುದಿಲ್ಲ ಅಂತ. ಹಾಗೆ... ಮೀನಿನ ಲಾರಿಯವನ ಹತ್ತಿರ ಐಸ್ ತರಿಸಿ, ಒಳಕೋಣೆಯಲ್ಲಿ ಮಲಗಿಸಿ, ತಂಗಿ ಬೇಬಿಯನ್ನು ಕಾವಲಿಗೆ ಕೂರಿಸಿ ಬಂದೆವು. ಮಾತು ಮುಗಿಸಿ ಸಂಜೆ ಹೋಗಿ ಊರಿಗೆ ತಿಳಿಸುವ ಅಂತ. ಗೊತ್ತಿದ್ದದ್ದು ನಮ್ಮ ನಾಲ್ಕೇ ಜನಕ್ಕೆ."

ಅವರು ಮುಖ ಒರೆಸಿಕೊಂಡರು.

"ಇಲ್ಲಿ ಬಂದು ನೋಡಿದರೆ ನೀವು ದೀಪ ಆರಿಸಿದ್ದೀರಿ. ನೆಲದಲ್ಲಿ ಕೂತಿದ್ದೀರಿ. ಸಂಬಂಧ ಆಗುವ ಮೊದಲೇ ನಮ್ಮ ಸೂತಕ ಹಿಡಿದಿದ್ದೀರಿ. ಕಣ್ಣು ನೋಡಿ, ಸ್ವಂತ ಅಮ್ಮ ಸತ್ತು ನನಗೇ ಇಷ್ಟು ಅಳು ಬರಲಿಲ್ಲ. ಒಂದು ಹೇಳಿ. ನಿಮಗೆ ತಿಳಿಸಿದವರು ಯಾರು?"

ಕರುಣಾಕರನ ಕುತ್ತಿಗೆಯ ಮೇಲೆ ಕಣಜ ಒಂದು ಸುತ್ತು ಹಾಕಿ ಕಿವಿಯ ಹಿಂದೆ ನಿಂತಿತು. ಮಾತಾಡುವ ಹಾಗಿಲ್ಲ, ತಲೆ ಅಲ್ಲಾಡಿಸುವ ಹಾಗಿಲ್ಲ. ಉಳಿದಿದ್ದದ್ದು ಒಂದು ಬೆರಳು. ಅವನು ಮೆಲ್ಲಗೆ, ಬಹಳ ಮೆಲ್ಲಗೆ, ತೋರುಬೆರಳನ್ನು ಮೇಲಕ್ಕೆತ್ತಿ ಮುಚ್ಚಿಗೆಯನ್ನು ತೋರಿಸಿದ.

ಮೂವರೂ ತಲೆ ಎತ್ತಿದರು. ಬಿಳಿ ಬಟ್ಟೆ ಒಮ್ಮೆ ನಿಧಾನವಾಗಿ ಉಬ್ಬಿ ಇಳಿಯಿತು. ಕಿವಿ ಮಂದವಾದ ದೂಮಣ್ಣನಿಗೆ ಅಷ್ಟು ಹೊತ್ತು ಕೇಳಿಸದೆ ಇದ್ದ ಸದ್ದು ಆಗ ಕೇಳಿಸಿತು.

"ಅಮ್ಮ!" ಎಂದರು ಅವರು.

"ಅತ್ತೆಯದೇ ದನಿ," ಎಂದರು ಹೆಂಡತಿ ಕೈಮುಗಿದು. "ಸಂಜೆ ಜಪಕ್ಕೆ ಕೂತರೆ ಹೀಗೆಯೇ. ಬಾಯಿ ಬಿಡದೆ."

"ಹುಡುಗಿಯನ್ನು ನೋಡದೆ ಹೋಗುವುದಿಲ್ಲ ಅಂದಿದ್ದರಲ್ಲ! ನಮಗಿಂತ ಮೊದಲೇ ಬಂದು ಕೂತಿದ್ದಾರೆ!" ದೂಮಣ್ಣ ಅಲ್ಲಿಯೇ ಮಗನ ಕತ್ತು ಹಿಡಿದು ಚಾಪೆಗೆ ಬಾಗಿಸಿದರು. ಮೂರು ತಲೆಗಳೂ ಮುಚ್ಚಿಗೆಯ ಕಡೆಗೆ ಸಾಷ್ಟಾಂಗ ನೆಲಕ್ಕೆ ತಾಗಿದವು.

ಆ ಹೊತ್ತಿಗೆ ಕಣಜ ಹಾರಿಹೋಯಿತು. ಕರುಣಾಕರ ಬಾಯಿ ತೆರೆದ. ಇನ್ನು ಏನು ಹೇಳುವುದು? ಅದು ಹುಳ ಎಂದರೆ ಇವರ ಅಮ್ಮನನ್ನು ಹುಳ ಎಂದ ಹಾಗಾಗುತ್ತದೆ, ಐಸಿನ ಮೇಲೆ ಮಲಗಿಸಿ ಬಂದ ದಿನವೇ. ಅವನು ಮಗಳ ಕಡೆ ನೋಡಿದ. ಅಡ್ಡಬಿದ್ದಲ್ಲಿಂದಲೇ ಹರ್ಷಿತ್ ಓರೆಗಣ್ಣಿನಿಂದ ಚೈತಾಲಿಯನ್ನು ನೋಡುತ್ತಿದ್ದ. ಚೈತಾಲಿ ಕೆಳತುಟಿ ಕಚ್ಚಿ ನಗು ತಡೆದು, ಅಪ್ಪನಿಗೆ ಮಾತ್ರ ಕಾಣುವಂತೆ ತಲೆಯಾಡಿಸಿದಳು. ಬೇಡ. ಹೇಳಬೇಡಿ.

ಕರುಣಾಕರ ಬಾಯಿ ಮುಚ್ಚಿದ.

"ಮಾತು ಆಯಿತು," ಎಂದರು ದೂಮಣ್ಣ ಎದ್ದು. "ಹುಡುಗಿ ನಮ್ಮವಳು. ಅಮ್ಮನ ವರ್ಷಾಂತಿಕ ಕಳೆಯಲಿ, ಇವನು ಕೆಲಸ ಬಿಟ್ಟಾದರೂ ಬರ್ತಾನೆ. ಮದುವೆ ಇದೇ ಚಾವಡಿಯಲ್ಲಿ, ಅಮ್ಮನ ಕೆಳಗೆ. ಅಲ್ಲಿಯ ತನಕ ಆ ಬಟ್ಟೆ ಬಿಚ್ಚಬಾರದು, ಮುಚ್ಚಿಗೆಗೆ ಕೈ ಹಾಕಬಾರದು. ಪ್ರತಿ ಅಮಾವಾಸ್ಯೆಗೆ ನಾವು ಬಂದು ಸ್ವಲ್ಪ ಹೊತ್ತು ಕೂತು ಹೋಗ್ತೇವೆ. ಆಗಬಹುದಲ್ಲ?"

ಆಗಬಹುದು ಎಂದ ಕರುಣಾಕರ, ಪಿಸುಮಾತಿನಲ್ಲಿ. ಇನ್ನು ಒಂದು ವರ್ಷ ಈ ಮನೆಯಲ್ಲಿ ಬೇರೆ ದನಿ ಇಲ್ಲ ಎಂದು ಅವನಿಗೆ ಅರ್ಥವಾಗಿತ್ತು.

ಓಮ್ನಿ ಹೋಯಿತು. ಕಾರ್ಕಳದ ಸಾವಿನ ಮನೆಗೆ ಹೊರಡಲು ಮೋಹಿನಿ ಸೀರೆ ಬದಲಿಸಬೇಕೆಂದು ಒಳಗೆ ಹೋದವಳು, ಉಟ್ಟದ್ದು ಬಿಳಿಯೇ, ಬದಲಿಸುವುದು ಏನೂ ಇಲ್ಲ ಎಂದು ಹಾಗೆಯೇ ಹೊರಗೆ ಬಂದಳು.

ಹೊತ್ತು ಮುಳುಗಿತ್ತು. ಗುರಲಿಂಗಪ್ಪ ಉರಿಸಲು ತೆಂಗಿನ ಗರಿಯ ಸೂಟೆ, ಸೀಮೆಎಣ್ಣೆಯ ಡಬ್ಬ ಹಿಡಿದು, ತಲೆಗೆ ಗೋಣಿಚೀಲ ಹಾಕಿಕೊಂಡು ಗೇಟಿನ ಹತ್ತಿರ ಬಂದ. ಕರುಣಾಕರ ಅಡ್ಡ ನಿಂತ.

"ಬೇಡ ಗುರಲಿಂಗಪ್ಪ. ಹೋಗು."

"ಯಾಕ್ರೀ ಸಾಹೇಬ್ರ? ಈಗ ಎಲ್ಲಾ ಒಳಗ ಕುಂತಾವ. ಇದ ಸರಿ ಹೊತ್ತು."

"ಮನೆಯಲ್ಲಿ ನೆಂಟರಿದ್ದಾರೆ."

ಗುರಲಿಂಗಪ್ಪ ಅವನ ಹೆಗಲ ಮೇಲಿಂದ ಕತ್ತಲ ಚಾವಡಿಯೊಳಗೆ ಇಣುಕಿದ. "ನೆಂಟ್ರು ಹೋದ್ರಲ್ರೀ. ಗಾಡಿ ಹೋಗೋದು ನಾನ ನೋಡಿದೆ."

"ಮೂವರು ಹೋದರು," ಎಂದ ಕರುಣಾಕರ. "ಒಬ್ಬರು ಉಳಿದುಕೊಂಡಿದ್ದಾರೆ."